ಹೊರದೇಶದಲ್ಲಿ ಉನ್ನತ ವ್ಯಾಸಂಗ

ಹೋದ ವರ್ಷ ಸುಗ್ಗಿ ಕಳೆದ ಮೇಲೆ ಹರವೆಯ ರೈತರೊಬ್ಬರು ನಮ್ಮ ಮನೆಗೆ ಬಂದರು. ಅವರ ಮಗಳು ಪ್ರೌಢಶಾಲೆಯಲ್ಲಿ ನನ್ನ ಶಿಷ್ಯೆಯಾಗಿದ್ದವಳು, ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದ್ದಳು. ತಂದೆಯ ಕೈಯಲ್ಲಿ ಬಣ್ಣಬಣ್ಣದ ಒಂದು ಪುಸ್ತಿಕೆಯಿತ್ತು. ಪಟ್ಟಣದ ದಲ್ಲಾಳಿಯೊಬ್ಬ ಕೊಟ್ಟದ್ದು. "ಮೇಷ್ಟ್ರೇ, ಅರಿಸಿನ ಬೆಳೆಯುವ ಎರಡೆಕರೆ ಅಡವಿಟ್ಟರೆ ಹುಡುಗಿ ಹೊರದೇಶದಲ್ಲಿ ಓದಬಹುದಂತೆ. ಇಡಲೋ ಬೇಡವೋ ನೀವೇ ಹೇಳಿ" ಎಂದರು.

ವ್ಯಾಕರಣ ಹೇಳುವ ಕನ್ನಡ ಪಂಡಿತನಿಗೆ ಇದು ಬಿಡಿಸಲು ಸುಲಭವಾದ ಸಂಧಿಯಲ್ಲ. ಆದರೂ ಹುಡುಗಿಯನ್ನು ಮೂರು ಮಾತು ಕೇಳಿದೆ: ಏನನ್ನು ಓದುವೆ? ಯಾರ ಬಳಿ ಓದುವೆ? ಹಣ ಯಾರದು? ಮೊದಲಿನ ಎರಡಕ್ಕೆ ಪುಸ್ತಿಕೆಯಲ್ಲಿ ಉತ್ತರವಿರಲಿಲ್ಲ. ಮೂರನೆಯದರ ಉತ್ತರ ಆ ತಂದೆಯ ಮುಖದ ಮೇಲಿತ್ತು. ನಿಮ್ಮ ಮನೆಯಲ್ಲಿಯೂ ಇಂಥ ಪುಸ್ತಿಕೆ ಬಂದಿರಬಹುದು. ಆದುದರಿಂದ ಈ ಮೂರು ಪ್ರಶ್ನೆಗಳನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಪಕ್ಕದ ನಂಜನಗೂಡಿನಲ್ಲಿ ವಕೀಲರಾಗಿದ್ದವರೊಬ್ಬರ ಮಗಳು ರಾಜೇಶ್ವರಿ. ೧೯೨೨ರಲ್ಲಿ ಹುಟ್ಟಿದವರು. ಗಣಿತದಲ್ಲಿ ಎಂ.ಎಸ್‌ಸಿ. ಮಾಡಿ, ೧೯೪೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದರು. ವಿದ್ಯುತ್ ಸಂಪರ್ಕ ಅವರ ವಿಷಯ. ೧೯೪೬ರಲ್ಲಿ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿ, ೧೯೪೭ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಎಂಜಿನಿಯರಿಂಗಿನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ವಾಷಿಂಗ್ಟನ್ನಿನಲ್ಲಿ ಎಂಟು ತಿಂಗಳು ರೇಡಿಯೋ ತರಂಗಗಳ ಅಳತೆಯ ಕೆಲಸವನ್ನು ಕಲಿತರು. ೧೯೪೯ರಲ್ಲಿ ಏಷ್ಯದ ಹೆಣ್ಣುಮಕ್ಕಳಿಗೆಂದೇ ಆ ವಿಶ್ವವಿದ್ಯಾನಿಲಯ ಇಟ್ಟಿರುವ ಬಾರ್ಬರ್ ವಿದ್ಯಾರ್ಥಿವೇತನ ದೊರೆತು, ೧೯೫೩ರಲ್ಲಿ ಪ್ರೊಫೆಸರ್ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು. ಹಿಂತಿರುಗಿ ಬಂದು ವಿಜ್ಞಾನ ಸಂಸ್ಥೆಯಲ್ಲಿಯೇ ಅಧ್ಯಾಪಕಿಯಾದರು. ರಾಜೇಶ್ವರಿ ಚಟರ್ಜಿ ಎಂದು ಹೆಸರಾದವರು ಇವರೇ. ಹೊರಡುವ ಮೊದಲೇ ಅವರು ಕೆಲವು ವರ್ಷ ಇಲ್ಲಿ ದುಡಿದಿದ್ದರು ಎಂಬುದನ್ನು ಗಮನಿಸಿ. ಏನು ಬೇಕೆಂಬುದು ಅವರಿಗೆ ತಿಳಿದಿತ್ತು.

ಮೈಸೂರಿನ ಎಂ. ಎನ್. ಶ್ರೀನಿವಾಸರ ಮಾತೂ ಹಾಗೆಯೆ. ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಶಿಷ್ಯರಾಗಿದ್ದಾಗ ಅವರು ಕೊಡವರನ್ನು ಕುರಿತು ಸಾಮಗ್ರಿ ಕೂಡಿಸಿದ್ದರು. ೧೯೪೫ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಅದನ್ನೇ ಒಯ್ದರು. ರ್‍ಯಾಡ್‌ಕ್ಲಿಫ್ ಬ್ರೌನ್ ಎಂಬ ವಿದ್ವಾಂಸರ ಬಳಿ ಅದನ್ನು ಹೊಸ ಕಣ್ಣಿನಿಂದ ನೋಡಲು ಕಲಿತರು. ೧೯೫೨ರಲ್ಲಿ ಅದು ಗ್ರಂಥವಾಗಿ ಹೊರಬಂದು ಅವರಿಗೆ ಕೀರ್ತಿ ತಂದಿತು. ವಸ್ತು ನಮ್ಮ ನಾಡಿನದು. ಅದನ್ನು ನೋಡುವ ಬಗೆಯನ್ನು ಅರಸಿ ಅವರು ಗುರುವಿನ ಬಳಿಗೆ ಹೋದರು.

ಇನ್ನು ಹಣದ ಮಾತು. ಹೊರದೇಶದ ಸ್ನಾತಕೋತ್ತರ ಪದವಿಗೆ ಬಹುಮಟ್ಟಿಗೆ ಕೈಯಿಂದಲೇ ಹಣ ಹಾಕಬೇಕು. ಪಿಎಚ್.ಡಿ.ಯ ರೀತಿ ಬೇರೆ. ಅಮೆರಿಕದಲ್ಲಿ ವಿಜ್ಞಾನ ವಿಷಯಗಳ ಸಂಶೋಧನ ವಿದ್ಯಾರ್ಥಿಗೆ ವಿಭಾಗವೇ ಸಾಮಾನ್ಯವಾಗಿ ಬೋಧನೆಯ ಅಥವಾ ಪ್ರಯೋಗಾಲಯದ ಸಹಾಯಕ ಕೆಲಸ ಕೊಟ್ಟು, ಶುಲ್ಕವನ್ನು ಬಿಟ್ಟು, ಜೀವನಕ್ಕೆ ವೇತನ ಕೊಡುತ್ತದೆ. ದಲ್ಲಾಳಿಯ ಪುಸ್ತಿಕೆಯಲ್ಲಿ ಈ ಬಾಗಿಲಿನ ಸುದ್ದಿಯೇ ಇರಲಿಲ್ಲ! ಬ್ರಿಟನ್ನಿನ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ, ಅಮೆರಿಕದ ಫುಲ್‌ಬ್ರೈಟ್-ನೆಹರೂ, ಜರ್ಮನಿಯ ಡಾಡ್ ಸಂಸ್ಥೆಯ ನೆರವು ಇವೆ. ಪರಿಶಿಷ್ಟ ಜಾತಿಯವರಿಗೂ ಭೂಮಿಯಿಲ್ಲದ ಕೃಷಿಕೂಲಿಗಳ ಮಕ್ಕಳಿಗೂ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಇವುಗಳಲ್ಲಿ ಪೈಪೋಟಿ ಕಠಿಣ, ನಿಜ. ಆದರೆ ಅರ್ಜಿ ಹಾಕಲು ಹೊಲ ಅಡವಿಡಬೇಕಾಗಿಲ್ಲ.

ಗುರುವನ್ನು ಹುಡುಕುವುದು ಹೇಗೆ? ನಿಮ್ಮ ಮಗ ಅಥವಾ ಮಗಳು ತನ್ನ ವಿಷಯದಲ್ಲಿ ಮೆಚ್ಚಿದ ಹತ್ತು ಸಂಶೋಧನ ಲೇಖನಗಳನ್ನು ಓದಲಿ. ಬರೆದವರು ಎಲ್ಲಿದ್ದಾರೆಂದು ಗುರುತು ಹಾಕಿಕೊಳ್ಳಲಿ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ಒಂದು ಪುಟ ಮೀರದಂತೆ ಬರೆಯಲಿ. ಕಾಗದ ಈಗ ಮಿಂಚಂಚೆಯಲ್ಲಿ ಹೋಗುತ್ತದೆ. ಬರೆಯುವ ವಿನಯ ಮಾತ್ರ ಹಳೆಯದೇ. "ನಿಮ್ಮ ಇಂಥ ಲೇಖನ ಓದಿದೆ, ನನಗೆ ಇಂಥ ಸಂದೇಹವಿದೆ, ನಾನು ಇಷ್ಟು ಮಾಡಿದ್ದೇನೆ" ಎಂದರೆ ಸಾಕು. ಅಮೆರಿಕದಲ್ಲಿ ಆಗಸ್ಟ್ ಸುಮಾರಿಗೆ ತರಗತಿ ಸೇರಬೇಕಾದರೆ ಹಿಂದಿನ ಡಿಸೆಂಬರ್-ಜನವರಿಯಲ್ಲೇ ಅರ್ಜಿ ಮುಟ್ಟಬೇಕಾಗುತ್ತದೆ. ಆದುದರಿಂದ ಒಂದು ವರ್ಷ ಮೊದಲೇ ತೊಡಗುವುದು ಮೇಲು.

ಅಧ್ಯಾಪಕ ಬಂಧುಗಳಿಗೂ ಒಂದು ಮಾತಿದೆ. ಅರ್ಜಿಯೊಡನೆ ಎರಡು ಮೂರು ಶಿಫಾರಸು ಪತ್ರಗಳು ಹೋಗಬೇಕು. "ಸದ್ಗುಣಿ, ವಿನಯಶೀಲೆ, ಪರಿಶ್ರಮಿ" ಎಂದು ನಾನೂ ಎಷ್ಟೋ ಪ್ರಮಾಣಪತ್ರಗಳಲ್ಲಿ ಬರೆದಿದ್ದೇನೆ. ಎಲ್ಲರಿಗೂ ಒಂದೇ ಮಾತು! ಅಂಥ ಪತ್ರದಿಂದ ಯಾರಿಗೂ ಪ್ರಯೋಜನವಿಲ್ಲ. ಆಕೆ ಯಾವ ಕೆಲಸ ಮಾಡಿದಳು, ಎಲ್ಲಿ ತಪ್ಪಿದಳು, ಹೇಗೆ ತಿದ್ದಿಕೊಂಡಳು ಎಂಬುದನ್ನು ಕಣ್ಣಾರೆ ಕಂಡವರೇ ಬರೆಯಬೇಕು.

ಹರವೆಯ ಆ ಹುಡುಗಿ ತನ್ನ ಹೊಲದ ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತುವನ್ನೇ ವಿಷಯವಾಗಿ ಆರಿಸಿಕೊಂಡಳು. ಒಂಬತ್ತು ಕಾಗದ ಬರೆದಳು. ಏಳಕ್ಕೆ ಉತ್ತರವಿಲ್ಲ. ಒಬ್ಬರು "ಸ್ಥಳವಿಲ್ಲ" ಎಂದರು. ಇನ್ನೊಬ್ಬರು ನಾಲ್ಕು ಪ್ರಶ್ನೆ ಕಳುಹಿಸಿ, ಉತ್ತರಿಸಿ ಅರ್ಜಿ ಹಾಕುವಂತೆ ಹೇಳಿದ್ದಾರೆ. ಸೀಟು ಸಿಕ್ಕುವುದೋ ಇಲ್ಲವೋ ಈಗ ಹೇಳಲಾರೆ. ತಂದೆ ಮಾತ್ರ ಪುಸ್ತಿಕೆಯನ್ನು ಹಿಂತಿರುಗಿಸಿ, ಈ ಸಲವೂ ಆ ಎರಡೆಕರೆಯಲ್ಲಿ ಅರಿಸಿನವನ್ನೇ ಹಾಕಿದ್ದಾರೆ.