ಯಾದವಗಿರಿಯ ಮನೆ



ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ ರೈಲಿನಲ್ಲಿ ಹೊರಟರೆ ಅರಸಾಳು ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಅಲ್ಲಿನ ಹಳೆಯ ಕಟ್ಟಡದಲ್ಲಿ 2020ರಿಂದ ‘ಮಾಲ್ಗುಡಿ ಮ್ಯೂಸಿಯಂ’ ಇದೆ. ಭೂಪಟದಲ್ಲೇ ಇಲ್ಲದ ಊರಿಗೊಂದು ಮ್ಯೂಸಿಯಂ! ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದಾಗ ಅರಸಾಳೇ ಮಾಲ್ಗುಡಿಯ ನಿಲ್ದಾಣವಾಗಿತ್ತು. ಅದೇ ಧಾರಾವಾಹಿಯಲ್ಲಿ ಕಂಡ ಆಗುಂಬೆಯ ದೊಡ್ಡಮನೆಯನ್ನೂ ಜನ ಹುಡುಕಿಕೊಂಡು ಹೋಗುತ್ತಾರೆ, ಜಗಲಿಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಮಾಲ್ಗುಡಿಯನ್ನು ಕಲ್ಪಿಸಿ ಬರೆದ ಆರ್. ಕೆ. ನಾರಾಯಣ್ ಬಾಳಿದ್ದು ಮಲೆನಾಡಿನಲ್ಲಲ್ಲ, ಮೈಸೂರಿನಲ್ಲಿ. ಅವರು ಕಟ್ಟಿಸಿದ ಮನೆ ಯಾದವಗಿರಿಯಲ್ಲಿದೆ. ಅದು ಉಳಿದದ್ದು ಕೂದಲೆಳೆಯ ಅಂತರದಲ್ಲಿ.

ನಾರಾಯಣ್ ಮದರಾಸಿನಲ್ಲಿ ಹುಟ್ಟಿದವರು. ತಂದೆ ಮೈಸೂರಿನ ಮಹಾರಾಜ ಶಾಲೆಯ ಮುಖ್ಯೋಪಾಧ್ಯಾಯರಾಗಿ ಬಂದದ್ದರಿಂದ ಈ ಊರಿನವರಾದರು. ಕುಟುಂಬ ಬಹುಕಾಲ ಇದ್ದದ್ದು ಲಕ್ಷ್ಮೀಪುರದ ಬಾಡಿಗೆ ಮನೆಯಲ್ಲಿ. ಹೆಂಡತಿ ರಾಜಂ 1939ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು, ಮಗಳು ಹೇಮಾ ಆಗಿನ್ನೂ ಪುಟ್ಟ ಮಗು. ಯಾದವಗಿರಿಯ ಮನೆ ಅದಾಗಿ ಸುಮಾರು ಹತ್ತು ವರ್ಷಗಳ ನಂತರದ್ದು. ಆಗ ಅದು ಊರ ಹೊರಗು. ಅಂದರೆ ಈ ಮನೆಯಲ್ಲಿ ರಾಜಂ ಎಂದೂ ಓಡಾಡಲಿಲ್ಲ. ಒಳಗೆ ಕಾಲಿಡುವ ಮುಂಚೆ ಇಷ್ಟು ನೆನಪಿರಲಿ. ಅಲ್ಲಿ ಸಂಸಾರದ ಗುರುತುಗಳನ್ನು ಹುಡುಕಿದರೆ ನಿರಾಶೆಯಾಗುತ್ತದೆ.

1990ರ ದಶಕದ ಆರಂಭದಲ್ಲಿ ಅವರು ಚೆನ್ನೈಗೆ ಹೋದರು, 2001ರಲ್ಲಿ ಅಲ್ಲಿಯೇ ತೀರಿಕೊಂಡರು. 2011ರಲ್ಲಿ ಈ ಮನೆಯನ್ನು ಕೆಡವುವ ಕೆಲಸ ಶುರುವಾಗಿಯೇ ಬಿಟ್ಟಿತ್ತು. ಪತ್ರಿಕೆಗಳಲ್ಲಿ ಸುದ್ದಿ ಬಂತು, ಗದ್ದಲವಾಯಿತು, ಕೆಲಸ ನಿಂತಿತು. ಮುಂದೆ ನಗರಪಾಲಿಕೆ ಅದನ್ನು ಕೊಂಡು, ದುರಸ್ತಿ ಮಾಡಿಸಿ, 2016ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ನಡುವೆ ಒಂದು ಜಗಳ ನಡೆಯಿತು, ನಿಮಗೂ ನೆನಪಿರಬಹುದು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಕನ್ನಡಿಗರ ತೆರಿಗೆ ಹಣ ಏಕೆ ಎಂದು ನಮ್ಮ ಕೆಲವು ಹಿರಿಯ ಸಾಹಿತಿಗಳೇ ಕೇಳಿದರು. ಆ ಪ್ರಶ್ನೆಯನ್ನು ನಾನು ನಕ್ಕು ತಳ್ಳಿಹಾಕಲಾರೆ. ಕನ್ನಡದ ಎಷ್ಟೋ ಲೇಖಕರ ಮನೆಗಳು ಯಾರೂ ಕೇಳದೆ ನೆಲಸಮವಾಗಿವೆ, ಆ ಹೊಟ್ಟೆಯುರಿ ಸುಳ್ಳಲ್ಲ. ಆದರೆ ಒಂದು ಮನೆ ಬಿದ್ದ ಸಂಕಟಕ್ಕೆ ಇನ್ನೊಂದನ್ನೂ ಬೀಳಿಸುವುದು ಯಾವ ನ್ಯಾಯ? ಅದೂ ಅಲ್ಲದೆ ಅವರ ಪಾತ್ರಗಳ ಜಗಳ, ಜಿಪುಣತನ, ಹಾಳುಹರಟೆ ಎಲ್ಲ ನಮ್ಮ ಬೀದಿಯವೇ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅನ್ನು ಕನ್ನಡಕ್ಕೆ ತಂದವರೂ ಮೈಸೂರಿನಲ್ಲೇ ಓದಿದ ಎಚ್. ವೈ. ಶಾರದಾಪ್ರಸಾದ್.

ಇನ್ನು ಮನೆಯೊಳಗೆ. ಕುಪ್ಪಳಿಯ ಕವಿಮನೆಯನ್ನು ನೋಡಿದ ಕಣ್ಣಿಗೆ ಇದು ಬರಿದು ಅನ್ನಿಸುತ್ತದೆ. ಅಲ್ಲಿ ಒಂದು ಇಡೀ ಮಲೆನಾಡಿನ ಒಕ್ಕಲುತನವೇ ಇದೆ: ತೊಟ್ಟಿ, ಕಂಬ, ಪಾತ್ರೆಪಡಗ, ಕೃಷಿಯ ಸಲಕರಣೆ. ಇಲ್ಲಿರುವುದು ಒಬ್ಬ ಮನುಷ್ಯನ ಕೋಟು, ಕನ್ನಡಕ, ಪುಸ್ತಕ, ಪ್ರಶಸ್ತಿ. ಉಳಿದದ್ದೆಲ್ಲ ಗೋಡೆ ಮತ್ತು ಬೆಳಕು. ಕೆಲವರಿಗೆ ಹತ್ತೇ ನಿಮಿಷದಲ್ಲಿ ಸಾಕೆನಿಸುತ್ತದೆ, ಅವರನ್ನು ನಾನು ದೂರುವುದಿಲ್ಲ.

ಆದರೆ ಮಹಡಿ ಹತ್ತಿ. ಮುಂದಕ್ಕೆ ಚಾಚಿಕೊಂಡ ಒಂದು ಕೋಣೆ, ಸುತ್ತ ಎಂಟು ಕಿಟಕಿ. ಬರೆಯುವುದಕ್ಕೆಂದೇ ನಾರಾಯಣ್ ಮಾಡಿಸಿಕೊಂಡದ್ದು. ಅಲ್ಲಿಂದ ಚಾಮುಂಡಿ ಬೆಟ್ಟ ಕಾಣುತ್ತಿತ್ತೆಂದು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಬರೆಯುವವನಿಗೆ ಎಂಟು ಕಿಟಕಿ ಏಕೆ ಎಂದು ನಾನು ಅಲ್ಲಿ ನಿಂತು ಯೋಚಿಸಿದ್ದುಂಟು. ಗಮನ ಚೆದುರದಿರಲೆಂದು ಗೋಡೆಗೆ ಮುಖ ಮಾಡಿ ಕೂರುವ ಲೇಖಕರಿದ್ದಾರೆ. ಇವರಿಗೆ ಗಮನ ಚೆದುರುವುದೇ ಬೇಕಿತ್ತೇನೋ! ಹಾಗಿದ್ದೂ ಅವರ ಅತ್ಯಂತ ಪ್ರಸಿದ್ಧ ಕಾದಂಬರಿ ‘ದಿ ಗೈಡ್’ ಬರೆದದ್ದು ಇಲ್ಲಲ್ಲ, ಅಮೆರಿಕದ ಬರ್ಕ್ಲಿಯ ಒಂದು ಹೋಟೆಲಿನ ಕೋಣೆಯಲ್ಲಿ. ಮಾಲ್ಗುಡಿಯನ್ನು ತಲೆಯಲ್ಲಿ ಹೊತ್ತು ತಿರುಗುವವರಿಗೆ ಯಾವ ಕಿಟಕಿಯಾದರೇನು?

ಸ್ಮಾರಕ ಮಾಡುವವರಿಗೆ ಇದು ನಿಜವಾದ ತೊಡಕು. ಮೇಜು, ಲೇಖನಿ ಇಟ್ಟು ‘ಇಲ್ಲಿಯೇ ಕೂತು ಬರೆದರು’ ಎಂದು ತೋರಿಸುವುದು ಸುಲಭ. ಆದರೆ ನಾರಾಯಣ್ ಕೆಲಸದ ಅರ್ಧಭಾಗ ನಡೆದದ್ದು ರಸ್ತೆಯಲ್ಲಿ. ಅವರು ದಿನವೂ ಮೈಸೂರಿನ ಬೀದಿಗಳಲ್ಲಿ ತಿರುಗಾಡುತ್ತಿದ್ದರು, ಅಂಗಡಿಯವರು, ವಕೀಲರು, ವಿದ್ಯಾರ್ಥಿಗಳು ಎನ್ನದೆ ಸಿಕ್ಕವರೊಡನೆ ನಿಂತು ಮಾತಾಡುತ್ತಿದ್ದರು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗುವುದಿಲ್ಲ. ಯಾದವಗಿರಿಯಿಂದ ಮಾರುಕಟ್ಟೆಯತ್ತ ಹೋಗುವ ದಾರಿಯ ಒಂದು ನಕ್ಷೆಯನ್ನು ಬಾಗಿಲಲ್ಲಿ ಕೊಟ್ಟು ಕಳಿಸಿದರೆ, ನನ್ನ ಮಟ್ಟಿಗೆ, ಇನ್ನೆರಡು ಕೋಟು ತೂಗುಹಾಕುವುದಕ್ಕಿಂತ ಅದು ಹೆಚ್ಚು ಉಪಯೋಗದ ಕೆಲಸ. ಜೊತೆಗೆ ಅವರ ಕಥೆಗಳ ಕನ್ನಡ ಅನುವಾದಗಳಿಗೂ ಒಂದು ಕಪಾಟು ಇರಲಿ, ಕೂತು ಓದಲು ನಾಲ್ಕು ಕುರ್ಚಿ ಇರಲಿ. ಆ ಜಗಳ ಕಾದವರೂ ಒಮ್ಮೆ ಬಂದು ಕೂರಬಹುದು.