ದೈವಭಕ್ತಿಗೂ ಜೀವವಿಕಾಸ ತತ್ತ್ವಕ್ಕೂ ವಿರೋಧವುಂಟೆ?

(ಉತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ಸಭೆಗೆ ಆರಿಸಿಕೊಂಡ ವಿಷಯ ಅನೇಕ ಮನೆಗಳಲ್ಲಿ ಸದ್ದಿಲ್ಲದೆ ಸುಳಿದಾಡುವಂಥದು. ಹಗಲು ಶಾಲೆಯಲ್ಲಿ ಜೀವವಿಕಾಸದ ಪಾಠ ಕೇಳಿ ಬಂದ ಹುಡುಗಿ ಸಂಜೆ ದೇವರ ಮುಂದೆ ದೀಪ ಹಚ್ಚಿ ಭಜನೆಗೆ ಕುಳಿತುಕೊಳ್ಳುತ್ತಾಳೆ. “ಅಜ್ಜ, ಪ್ರಾಣಿಗಳೆಲ್ಲ ತಾವಾಗಿಯೇ ಬದಲಾಗುತ್ತಾ ಬಂದವಂತೆ. ಹಾಗಾದರೆ ದೇವರು ಸೃಷ್ಟಿ ಮಾಡಿದ್ದು ಸುಳ್ಳೇ?” ಎಂದು ಕೇಳುತ್ತಾಳೆ. ಅಜ್ಜ ಗದರಿಸಿದರೆ ಮಗು ಮತ್ತೆ ಕೇಳುವುದಿಲ್ಲ. ಆದರೆ ಪ್ರಶ್ನೆ ಅಲ್ಲಿಗೆ ಸಾಯುವುದೂ ಇಲ್ಲ. ದೇವರೋ ಪುಸ್ತಕವೋ, ಎರಡರಲ್ಲಿ ಒಂದನ್ನು ಬಿಡಲೇಬೇಕು ಎಂಬ ಹಟಕ್ಕೆ ಬಿದ್ದ ಮಕ್ಕಳು ಕೆಲವರು ದೇವಸ್ಥಾನದ ಮೆಟ್ಟಿಲನ್ನೇ ಮರೆಯುತ್ತಾರೆ, ಕೆಲವರು ಪರೀಕ್ಷೆಗೆ ಮಾತ್ರ ಓದಿ ಮನಸ್ಸಿನ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಎರಡೂ ನಷ್ಟವೇ. ಆದ್ದರಿಂದ ಈ ಪ್ರಶ್ನೆಯನ್ನು ದೇವರ ಸನ್ನಿಧಿಯಲ್ಲಿಯೇ ವಿಚಾರಿಸುವುದು ಯುಕ್ತ.

ಮೊದಲು ಆ ಪಾಠ ಏನು ಹೇಳುತ್ತದೆ ಎಂಬುದನ್ನು ಸರಿಯಾಗಿ ತಿಳಿಯಬೇಕು. ಕಾಡಿನ ಮಂಗ ಒಂದು ದಿನ ಮನುಷ್ಯನಾಯಿತೆಂದು ವಿಕಾಸವಾದ ಹೇಳುವುದೇ ಇಲ್ಲ. ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಮನುಷ್ಯನಿಗೂ ಚಿಂಪಾಂಜಿಗೂ ಸಮಾನವಾದ ಪೂರ್ವಜ ಸಂತತಿ ಇತ್ತು. ಒಂದೇ ತರವಾಡಿನಿಂದ ಎರಡು ಮನೆಗಳು ಬೇರೆಯಾದಂತೆ ಅಲ್ಲಿಂದ ಎರಡು ಕವಲು ಒಡೆಯಿತು ಎಂಬುದು ಅದರ ಮಾತು. ಒಂದೇ ತಾಯಿಯ ಮರಿಗಳಲ್ಲಿಯೂ ಅಲ್ಪಸ್ವಲ್ಪ ಭೇದವುಂಟು. ಪರಿಸರಕ್ಕೆ ಹೊಂದಿದವು ಹೆಚ್ಚಾಗಿ ಉಳಿದು ಸಂತಾನ ಬೆಳೆಸುತ್ತವೆ. ಲಕ್ಷಾಂತರ ತಲೆಮಾರು ಹೀಗೆ ನಡೆದರೆ ರೂಪವೇ ಬೇರೆಯಾಗುತ್ತದೆ. ಇದಕ್ಕೆ ನಿಸರ್ಗದ ಆಯ್ಕೆ ಎಂದು ಹೆಸರು. 1859ರ ನವೆಂಬರ್ 24ರಂದು ಪ್ರಕಟವಾದ ಗ್ರಂಥದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿದರು.

ಇದು ಬರಿಯ ಊಹೆಯಲ್ಲ. ಚಿಂಪಾಂಜಿಗೆ 24 ಜೊತೆ ವರ್ಣತಂತುಗಳು, ಮನುಷ್ಯನಿಗೆ 23. ಮನುಷ್ಯನ ಎರಡನೆಯ ವರ್ಣತಂತುವಿನಲ್ಲಿ ಹಿಂದೊಮ್ಮೆ ಎರಡು ಕೂಡಿಕೊಂಡ ಬೆಸುಗೆಯ ಗುರುತು ಇಂದಿಗೂ ಕಾಣುತ್ತದೆ. ಕಾಶ್ಮೀರದ ಕಾಲಾಕೋಟಿನ ಬಂಡೆಗಳಲ್ಲಿ ದೊರೆತ, ಸುಮಾರು 4.8 ಕೋಟಿ ವರ್ಷ ಹಿಂದಿನ ಇಂಡೋಹ್ಯೂಸ್ ಎಂಬ ಗೊರಸಿನ ಸಣ್ಣ ಪ್ರಾಣಿಯ ಕಿವಿಯ ಮೂಳೆ ತಿಮಿಂಗಿಲದ ಕಿವಿಯ ಮೂಳೆಯನ್ನು ಹೋಲುತ್ತದೆ ಎಂಬುದನ್ನು ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು. ಭರತಖಂಡದ ಬಂಡೆಯೇ ಸಾಕ್ಷಿ ನುಡಿಯುತ್ತಿರುವಾಗ ಇದು ಹೊರನಾಡಿನವರ ಕಟ್ಟುಕತೆ ಎಂದು ತಳ್ಳಿಬಿಡುವಂತಿಲ್ಲ.

ಹಾಗಾದರೆ ಇದನ್ನು ಒಪ್ಪಿದವನು ದೇವರನ್ನು ಬಿಡಬೇಕೆ? ಈ ಪ್ರಶ್ನೆಯನ್ನು ಮೊತ್ತಮೊದಲು ಆಳವಾಗಿ ಚರ್ಚಿಸಿದವರಲ್ಲಿ ಇಬ್ಬರು ಸ್ನೇಹಿತರು ಮುಖ್ಯರು. ಒಬ್ಬರು ಡಾರ್ವಿನ್, ಇನ್ನೊಬ್ಬರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಆಸಾ ಗ್ರೇ. ಗ್ರೇ ಶ್ರದ್ಧಾವಂತ ಕ್ರೈಸ್ತರು. ಗ್ರಂಥ ಹೊರಬರುವ ಎರಡು ವರ್ಷ ಮೊದಲೇ, 1857ರಲ್ಲಿ, ಡಾರ್ವಿನ್ ತಮ್ಮ ಸಿದ್ಧಾಂತದ ಸಾರವನ್ನು ಪತ್ರದಲ್ಲಿ ಅವರಿಗೆ ತಿಳಿಸಿದ್ದರು. 1860ರಲ್ಲಿ ಅಮೆರಿಕದಲ್ಲಿ ಟೀಕೆಗಳು ಎದ್ದಾಗ ಗ್ರೇ ಲೇಖನಗಳನ್ನು ಬರೆದು, ಈ ಸಿದ್ಧಾಂತಕ್ಕೂ ದೇವರ ನಂಬಿಕೆಗೂ ವಿರೋಧವಿಲ್ಲವೆಂದು ವಾದಿಸಿದರು. ಆ ಲೇಖನಗಳು ಪುಸ್ತಿಕೆಯಾಗಿ ಅಚ್ಚಾಗುವಂತೆ ನೋಡಿಕೊಂಡವರು ಸ್ವತಃ ಡಾರ್ವಿನ್.

ಡಾರ್ವಿನ್ನರನ್ನು ಕಾಡಿದ್ದು ಮಂಗನ ವಿಷಯವಲ್ಲ, ಲೋಕದ ದುಃಖ. ಅವರ ಪ್ರೀತಿಯ ಮಗಳು ಆನಿ 1851ರಲ್ಲಿ, ಹತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆ ನೋವು ಅವರನ್ನು ಕೊನೆಯ ತನಕ ಬಿಡಲಿಲ್ಲ. ಒಂದು ಜಾತಿಯ ಕಣಜ ಜೀವಂತ ಕಂಬಳಿಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿಗಳು ಅದನ್ನು ಒಳಗಿನಿಂದ ತಿನ್ನುತ್ತಾ ಬೆಳೆಯುತ್ತವೆ. ದಯಾಮಯನಾದ ದೇವರು ಇಂಥದನ್ನು ಬೇಕೆಂದೇ ನಿರ್ಮಿಸಿದನೆಂದು ನಂಬಲು ಮನಸ್ಸು ಬಾರದು ಎಂದು ಅವರು 1860ರ ಮೇ ತಿಂಗಳಿನಲ್ಲಿ ಗ್ರೇ ಅವರಿಗೆ ಬರೆದರು. ಅದೇ ಪತ್ರದಲ್ಲಿ, ಈ ವಿಷಯ ಮನುಷ್ಯಬುದ್ಧಿಯ ಅಳತೆಗೆ ಮೀರಿದ್ದು ಎಂದೂ ಒಪ್ಪಿಕೊಂಡರು.

ಗ್ರೇ ಒಂದು ಸಮಾಧಾನ ಸೂಚಿಸಿದರು. ಇಳಿಜಾರಿನಲ್ಲಿ ಹರಿಯುವ ನೀರಿಗೆ ಯಾರೋ ಕಾಲುವೆಯ ದಾರಿ ತೋರಿದಂತೆ, ಜೀವಿಗಳಲ್ಲಿ ಹುಟ್ಟುವ ಭೇದಗಳನ್ನು ದೇವರು ಒಳ್ಳೆಯ ದಿಕ್ಕಿಗೆ ನಡೆಸಿರಬಾರದೇಕೆ? ಡಾರ್ವಿನ್ ಒಪ್ಪಲಿಲ್ಲ. ಬೆಟ್ಟದಿಂದ ಉರುಳಿಬಿದ್ದ ಕಲ್ಲುಗಳನ್ನು ಆರಿಸಿ ಮೇಸ್ತ್ರಿ ಮನೆ ಕಟ್ಟುತ್ತಾನೆ. ಹಾಗೆಂದು ಪ್ರತಿಯೊಂದು ಕಲ್ಲೂ ಈ ಮನೆಗೆಂದೇ ಆ ಆಕಾರದಲ್ಲಿ ಒಡೆಯಿತು ಎನ್ನಬಹುದೆ ಎಂದು 1868ರ ತಮ್ಮ ಗ್ರಂಥದಲ್ಲಿ ಕೇಳಿದರು. ಈ ಒಂದು ಅಂಶದಲ್ಲಿ ಇಂದಿನ ಜೀವಶಾಸ್ತ್ರ ಡಾರ್ವಿನ್ನರ ಪಕ್ಷದಲ್ಲಿದೆ. ಭೇದಗಳು ಜೀವಿಯ ಅಗತ್ಯವನ್ನು ನೋಡಿಕೊಂಡು ಹುಟ್ಟುವುದಿಲ್ಲ. ಆದರೂ ಗ್ರೇ ಅವರ ಭಕ್ತಿ ಕುಂದಲಿಲ್ಲ, ಸ್ನೇಹವೂ ಮುರಿಯಲಿಲ್ಲ. 1877ರಲ್ಲಿ ಡಾರ್ವಿನ್ ಹೂವುಗಳ ಕುರಿತಾದ ತಮ್ಮ ಗ್ರಂಥವನ್ನು ಗ್ರೇ ಅವರಿಗೇ ಅರ್ಪಿಸಿದರು. 1879ರಲ್ಲಿ ಒಬ್ಬರು ಕೇಳಿದಾಗ, ದೇವರಲ್ಲಿ ದೃಢವಾಗಿ ನಂಬಿಕೆಯುಳ್ಳವನು ವಿಕಾಸವನ್ನು ಒಪ್ಪಬಲ್ಲನೆಂಬುದರಲ್ಲಿ ಸಂಶಯವಿಲ್ಲವೆಂದು ಬರೆದು, ಗ್ರೇ ಅವರನ್ನೇ ಉದಾಹರಣೆ ಕೊಟ್ಟರು. ತಮ್ಮನ್ನು ಮಾತ್ರ ಅಜ್ಞೇಯವಾದಿ ಎಂದು ಕರೆದುಕೊಂಡರು. ಒಂದೇ ಶಾಸ್ತ್ರವನ್ನು ಓದಿದ ಇಬ್ಬರು ಎರಡು ಬೇರೆ ನಿಲುವಿಗೆ ಬಂದರೆಂದರೆ, ದೇವರಿದ್ದಾನೆಯೇ ಎಂಬುದನ್ನು ಆ ಶಾಸ್ತ್ರ ತೀರ್ಮಾನಿಸುವುದಿಲ್ಲ ಎಂದೇ ಅರ್ಥ.

ಭಕ್ತ ಮಹಾಶಯರೇ, ನಮ್ಮ ಆಚಾರ್ಯರು ಈ ಬಗೆಯ ವಿವೇಕವನ್ನು ಬಹು ಹಿಂದೆಯೇ ಕಲಿಸಿದ್ದಾರೆ. ಗೀತಾಭಾಷ್ಯದ ಹದಿನೆಂಟನೆಯ ಅಧ್ಯಾಯದಲ್ಲಿ ಶ್ರೀ ಶಂಕರಾಚಾರ್ಯರು, ನೂರು ಶ್ರುತಿಗಳು ಕೂಡಿ ಬೆಂಕಿ ತಣ್ಣಗಿದೆ ಎಂದರೂ ಅದು ಪ್ರಮಾಣವಾಗಲಾರದು ಎಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತಾರೆ. ಕಣ್ಣಿಗೆ, ಅನುಮಾನಕ್ಕೆ ಗೋಚರವಾಗುವುದನ್ನು ಅವುಗಳಿಂದಲೇ ತಿಳಿಯಬೇಕು. ಅವುಗಳಿಗೆ ನಿಲುಕದ ವಿಷಯದಲ್ಲಿ ಶ್ರುತಿಯೇ ಪ್ರಮಾಣ. ಎಲುಬಿನ ವಯಸ್ಸು, ವಂಶಗಳ ಸಂಬಂಧ ಇವೆಲ್ಲ ಮೊದಲನೆಯ ಸಾಲಿಗೆ ಸೇರಿದವು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಎಂಬ ದಶಾವತಾರದ ಕ್ರಮವೇ ವಿಕಾಸವಾದ ಎಂದು ಉತ್ಸಾಹದಿಂದ ಹೇಳುವವರಿದ್ದಾರೆ. ಈ ಹೋಲಿಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ಬಂದದ್ದು. ಥಿಯಾಸಫಿಯ ಬ್ಲಾವಟ್ಸ್ಕಿ 1877ರ ತಮ್ಮ ಗ್ರಂಥದಲ್ಲಿ ಇದನ್ನು ಮಾಡಿದ್ದರು. ಕೇಳಲು ಹಿತವಾದರೂ ಇದು ನಿಲ್ಲುವುದಿಲ್ಲ. ಆಮೆಯ ಸಂತತಿ ಹಂದಿಯೂ ಅಲ್ಲ, ಪರಶುರಾಮನಿಗಿಂತ ಶ್ರೀರಾಮನು ಬೇರೆ ಜಾತಿಯ ಪ್ರಾಣಿಯೂ ಅಲ್ಲ. ಭಗವಂತ ಅವತರಿಸಿದ್ದು ಧರ್ಮರಕ್ಷಣೆಗಾಗಿ, ಪ್ರಾಣಿಶಾಸ್ತ್ರದ ಪಾಠಕ್ಕಾಗಿ ಅಲ್ಲ. ಹಾಗೆಯೇ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಸಂಖ್ಯೆಗಳು ಹತ್ತಿರವಾದುದು ಸೋಜಿಗವೇ ಹೊರತು ಸಾಕ್ಷ್ಯವಲ್ಲ. ಪುರಾಣಕ್ಕೆ ಪ್ರಯೋಗಾಲಯದ ಆಧಾರ ಕೊಡಹೊರಟರೆ ಪುರಾಣಕ್ಕೇ ಅವಮಾನ.

ಕಾಸರಗೋಡಿನ ಜನರಿಗೆ ಇನ್ನೂ ಹತ್ತಿರದ ದೃಷ್ಟಾಂತವುಂಟು. ಅನಂತಪುರ ಸರೋವರ ಕ್ಷೇತ್ರದ ಬಬಿಯಾ ಎಂಬ ಮೊಸಳೆಯನ್ನು ಕಾಣದವರು ವಿರಳ. 2022ರ ಅಕ್ಟೋಬರ್ ತಿಂಗಳಿನಲ್ಲಿ ಅದು ಅಸುನೀಗಿದಾಗ ಸಾವಿರಾರು ಜನ ಬಂದು ಕೈಮುಗಿದರು. ಮೊಸಳೆಗಳ ವಂಶದ ಬೇರು 20 ಕೋಟಿ ವರ್ಷಗಳಿಗಿಂತಲೂ ಹಿಂದಿನದು ಎಂದು ಜೀವಶಾಸ್ತ್ರ ಹೇಳುತ್ತದೆ. ಅದು ಅನಂತಪದ್ಮನಾಭನ ಸನ್ನಿಧಿಯ ಕಾವಲುಗಾರ ಎಂದು ಭಕ್ತ ಹೇಳುತ್ತಾನೆ. ಮೊದಲನೆಯದು ಅದು ಹೇಗೆ ಬಂತೆಂಬುದಕ್ಕೆ ಉತ್ತರ, ಎರಡನೆಯದು ಅದನ್ನು ಹೇಗೆ ಕಾಣಬೇಕೆಂಬುದಕ್ಕೆ. ಇಪ್ಪತ್ತು ಕೋಟಿ ವರ್ಷದ ಲೆಕ್ಕ ತಿಳಿದವನ ಕೈ ಜೋಡಿಸಬಾರದೆಂದೇನೂ ಇಲ್ಲ.

ಉಳಿದದ್ದು ದುಃಖದ ಪ್ರಶ್ನೆ. ಅದು ವಿಕಾಸವಾದದಿಂದ ಹುಟ್ಟಿದ್ದಲ್ಲ. ಲೋಕದಲ್ಲಿ ಇಷ್ಟು ತಾರತಮ್ಯ, ಇಷ್ಟು ನೋವು ಇರುವಾಗ ದೇವರು ಪಕ್ಷಪಾತಿಯೇ, ನಿರ್ದಯನೇ ಎಂದು ಬ್ರಹ್ಮಸೂತ್ರಗಳೇ ಕೇಳಿವೆ. ಅಲ್ಲಿನ ಭಾಷ್ಯದಲ್ಲಿ ಶಂಕರರು ಮಳೆಯ ಉಪಮೆ ಕೊಡುತ್ತಾರೆ. ಭತ್ತಕ್ಕೂ ಜವೆಗೂ ಮಳೆ ಒಂದೇ, ಅದು ಸಾಧಾರಣ ಕಾರಣ. ಫಲದ ಭೇದ ಆಯಾ ಬೀಜದ್ದು. ಅಲ್ಲಿ ಬೀಜವೆಂದರೆ ಜೀವಿಗಳ ಕರ್ಮ. ಅದನ್ನು ವರ್ಣತಂತುವೆಂದು ತಿರುಚಬಾರದು. ಆದರೆ ದೇವರನ್ನು ಒಂದೊಂದು ಆಕಾರವನ್ನೂ ಕೆತ್ತುವ ಶಿಲ್ಪಿಯಂತೆ ಮಾತ್ರ ಕಲ್ಪಿಸಬೇಕಾಗಿಲ್ಲ, ಎಲ್ಲವೂ ಮೊಳೆಯಲು ಆಧಾರವಾದ ಮಳೆಯಂತೆಯೂ ಭಾವಿಸಬಹುದು ಎಂಬ ದಾರಿಯನ್ನು ಈ ಉಪಮೆ ತೋರಿಸುತ್ತದೆ. ಹಾಗೆ ಭಾವಿಸಿದವನಿಗೆ ಡಾರ್ವಿನ್ನರ ಕಲ್ಲುಗಳಿಂದ ಭಯವಿಲ್ಲ. ಆನಿಯಂಥ ಮಗುವನ್ನು ಕಳೆದುಕೊಂಡ ತಂದೆತಾಯಿಯ ಕಣ್ಣೀರು ಇದರಿಂದ ಆರುತ್ತದೆಯೆಂದು ಯಾರೂ ಹೇಳಲಾರರು. ಅಲ್ಲಿ ವಾದ ಸಾಲದು, ಪಕ್ಕದಲ್ಲಿ ಕುಳಿತುಕೊಳ್ಳುವ ಜನ ಬೇಕು.

ಆದುದರಿಂದ ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳು ಕೇಳಿದಾಗ ಗದರಿಸಬೇಡಿರಿ, ಪಾಠ ಸುಳ್ಳೆನ್ನಬೇಡಿರಿ. “ಮಗೂ, ಪಾಠವನ್ನು ಚೆನ್ನಾಗಿ ಓದು. ಜೀವಿಗಳು ಹೇಗೆ ಬಂದವೆಂದು ಅದು ತಿಳಿಸುತ್ತದೆ. ಆ ಜೀವಿಗಳಲ್ಲಿ ದಯೆ ಇಡಬೇಕೆಂದು ಈ ದೀಪದ ಮುಂದೆ ಕಲಿತುಕೊ” ಎಂದರೆ ಸಾಕು. ಸಕಲ ಜೀವಿಗಳೂ ಒಂದೇ ವಂಶದವೆಂದು ತಿಳಿದ ಮೇಲೆ ಭೂತದಯೆ ಹೆಚ್ಚಬೇಕೇ ಹೊರತು ಕಡಿಮೆಯಾಗಲು ಕಾರಣವಿಲ್ಲ. ಸನ್ನಿಧಿಯಲ್ಲಿ ಬೆಳಗುವ ದೀಪದ ಜೊತೆಗೆ ಮಕ್ಕಳ ಬುದ್ಧಿಯೂ ಬೆಳಗುವಂತೆ ಶ್ರೀ ದೇವರು ಅನುಗ್ರಹಿಸಲಿ.