ಫೋರ್ಕ್‌ಲಿಫ್ಟ್ ಓಡಿಸಲು ತರಬೇತಿ ಏಕೆ ಬೇಕು?

(ಸ್ವಸಹಾಯ ಸಂಘಗಳ ಮಾಹಿತಿ ಸಭೆಯಲ್ಲಿ ನೀಡಿದ ಭಾಷಣದ ಸಾರಾಂಶ)



ನಮ್ಮಲ್ಲಿ ಹಲವರು ಗೋಡೌನು, ಗೋಡಂಬಿ ಕಾರ್ಖಾನೆಗಳಲ್ಲಿ ದುಡಿಯುತ್ತೇವೆ. ಕೆಲವರ ಮಕ್ಕಳು ಗಲ್ಫ್‌ಗೂ ಹೋಗುತ್ತಾರೆ. ಅಲ್ಲೆಲ್ಲ ಸರಕು ಎತ್ತಲು ಫೋರ್ಕ್‌ಲಿಫ್ಟ್ ಇರುತ್ತದೆ. ಚಾಲಕ ರಜೆ ಹಾಕಿದ ದಿನ, "ನಿನಗೆ ಟೆಂಪೋ ಬಿಡ್ಲಿಕ್ಕೆ ಬರ್ತದಲ್ಲ, ಇದನ್ನೂ ಬಿಡು" ಅಂತ ಹುಡುಗನನ್ನು ಹತ್ತಿಸುವುದುಂಟು. ಅಪಾಯ ಶುರುವಾಗುವುದೇ ಅಲ್ಲಿ.

ಇದು ಟೆಂಪೋ ಅಲ್ಲ. ಮುಂದೆ ಸರಕು, ಹಿಂದೆ ಕಬ್ಬಿಣದ ಭಾರ; ತಕ್ಕಡಿಯ ಹಾಗೆ ಮುಂದಿನ ಚಕ್ರದ ಮೇಲೆ ನಿಂತ ಗಾಡಿ. ಸರಕು ಹೆಚ್ಚಾದರೆ, ಅಥವಾ ಎತ್ತರಕ್ಕೆ ಎತ್ತಿಕೊಂಡೇ ತಿರುಗಿಸಿದರೆ, ಮಗುಚಿ ಬೀಳುತ್ತದೆ. ಸಾಮಾನ್ಯವಾಗಿ ತಿರುಗುವುದು ಹಿಂದಿನ ಚಕ್ರ. ಹಾಗಾಗಿ ಹಿಂಭಾಗ ಬೀಸಿ ಬಂದು ಪಕ್ಕದಲ್ಲಿ ನಿಂತವರಿಗೆ ಬಡಿಯುತ್ತದೆ.

ಸರಿಯಾದ ತರಬೇತಿಯಲ್ಲಿ ಮೂರು ಹಂತ ಇರಬೇಕು: ಪಾಠ, ಗಾಡಿಯ ಮೇಲೆ ಅಭ್ಯಾಸ, ಕೊನೆಗೆ ಪರೀಕ್ಷೆ. ಅಮೆರಿಕದಲ್ಲಿ ಈ ಮೂರೂ ಕಡ್ಡಾಯ. ಚಾಲಕನನ್ನು ಕನಿಷ್ಠ 3 ವರ್ಷಕ್ಕೊಮ್ಮೆ ಮತ್ತೆ ಪರಿಶೀಲಿಸಬೇಕು. ಚಾಲಕ ಕಲಿಯಬೇಕಾದ ಮುಖ್ಯ ವಿಷಯಗಳು ಇವು:

1. ಗಾಡಿಯ ಫಲಕದಲ್ಲಿ ಬರೆದ ತೂಕ ಮೀರಬಾರದು.
2. ಕೆಲಸಕ್ಕೆ ಮೊದಲು ಬ್ರೇಕ್, ಹಾರನ್, ಚಕ್ರ, ಫೋರ್ಕ್ ನೋಡಬೇಕು.
3. ಸಾಗುವಾಗ ಫೋರ್ಕ್ ನೆಲದಿಂದ ಸುಮಾರು 15–20 ಸೆಂ.ಮೀ. ಮಾತ್ರ ಮೇಲಿರಬೇಕು.
4. ಸರಕು ಕಣ್ಣಿಗೆ ಅಡ್ಡವಾದರೆ ಹಿಂದಕ್ಕೆ ಓಡಿಸಬೇಕು. ಇಳಿಜಾರಿನಲ್ಲಿ ಸರಕು ಯಾವಾಗಲೂ ಏರಿನ ಕಡೆಗೆ ಇರಬೇಕು.
5. ಸೀಟ್ ಬೆಲ್ಟ್ ಹಾಕಬೇಕು. ಗಾಡಿ ಮಗುಚಿದರೆ ಹೊರಗೆ ಹಾರಬಾರದು. ಹಾರಿದವರ ಮೇಲೆಯೇ ಗಾಡಿ ಬೀಳುತ್ತದೆ.

ಓಡಿಸದ ನಮಗೂ ಪಾಠ ಇದೆ. ಎತ್ತಿದ ಸರಕಿನ ಕೆಳಗೆ ನಡೆಯಬೇಡಿ. ಫೋರ್ಕ್ ಮೇಲೆ ನಿಂತು ಅಟ್ಟ ಹತ್ತಬೇಡಿ. ಚಾಲಕ ನಿಮ್ಮನ್ನು ನೋಡಿದ್ದಾನೆಂದು ಖಾತ್ರಿಯಾಗದೆ ದಾಟಬೇಡಿ. ಸೀರೆಯ ಸೆರಗು, ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಿ.

ಇದನ್ನೆಲ್ಲ ಕೇಳುವುದು ಸೊಕ್ಕಲ್ಲ, ಹಕ್ಕು. ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಮಾಡಿದ ತಿದ್ದುಪಡಿ ಕಾರ್ಮಿಕರಿಗೆ ಸುರಕ್ಷತೆಯ ತರಬೇತಿಯ ಹಕ್ಕು ಕೊಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸುರಕ್ಷತಾ ಸಂಹಿತೆಯಲ್ಲೂ ಮಾಹಿತಿ, ತರಬೇತಿ, ಮೇಲ್ವಿಚಾರಣೆ ಒದಗಿಸುವುದು ಮಾಲೀಕರ ಕರ್ತವ್ಯ. ಜೀವಕ್ಕೆ ಅಪಾಯ ಎಂದು ಕಂಡರೆ ಕಾರ್ಮಿಕರು ಮಾಲೀಕರ ಗಮನಕ್ಕೂ ಸರ್ಕಾರಿ ನಿರೀಕ್ಷಕರ ಗಮನಕ್ಕೂ ತರಬಹುದು. ಒಬ್ಬಳೇ ಹೇಳಲು ಹೆದರಿಕೆಯಾದರೆ ನಾಲ್ಕು ಜನ ಸೇರಿ ಹೇಳಿ. ಸಂಘ ಕಟ್ಟಿದ್ದು ಉಳಿತಾಯಕ್ಕೆ ಮಾತ್ರವೇ?

ಇನ್ನೊಂದು ಮಾತು. ಮಗನ ತರಬೇತಿಗೆಂದು ಸಂಘದಿಂದ ಸಾಲ ಎತ್ತುವ ಮೊದಲು ವಿಚಾರಿಸಿ: ಗಾಡಿಯ ಮೇಲೆ ಕೂರಿಸಿ ಎಷ್ಟು ದಿನ ಕಲಿಸುತ್ತಾರೆ? ಪರೀಕ್ಷೆ ಮಾಡುತ್ತಾರಾ? ಹಣ ಕಟ್ಟಿದ ದಿನವೇ ಸರ್ಟಿಫಿಕೇಟ್ ಕೊಡುವವರ ಹತ್ತಿರ ಹೋಗಬೇಡಿ. ಸಾಲದ ಕಂತು ಹೇಗಾದರೂ ತೀರಿಸಬಹುದು. ಹೋದ ಕಾಲು, ಹೋದ ಜೀವ ಮತ್ತೆ ಬರುವುದಿಲ್ಲ.

ಮುಂದಿನ ವಾರದ ಸಭೆಯಲ್ಲಿ ಈ ವಿಷಯ ಚರ್ಚಿಸಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ.